ಸುಹಾಸ ಮಗದುಮ್ ಅವರ ಆರು ಗುರಿಗಳು

ಕಾಗವಾಡದ ನದಿದಂಡೆ ಹೊಲದಾರಿ ಮತ್ತು ಮೋರಿ ಸುಧಾರಣಾ ಉಪವಿಭಾಗ ಕಚೇರಿಯಲ್ಲಿ ಕಳೆದ ನಾಲ್ಕು ವರ್ಷಗಳಿಂದ ಒಂದು ಕಾಮಗಾರಿಯೂ ಪೂರ್ಣಗೊಂಡಿರಲಿಲ್ಲ. ಆದ್ದರಿಂದ ಕಳಪೆ ಕಾಮಗಾರಿಯ ಬಗ್ಗೆ ಒಂದು ದೂರೂ ಬಂದಿರಲಿಲ್ಲ. ಈ ಎರಡನೆಯ ಸಂಗತಿಗಾಗಿ ಕಚೇರಿಗೆ ಎರಡು ಸಲ ಪ್ರಶಂಸಾ ಪತ್ರ ದೊರೆತಿತ್ತು. ಅವುಗಳಿಗೆ ಚೌಕಟ್ಟು ಹಾಕಿಸಿ, ಗೋಡೆ ಸೋರುವ ಜಾಗ ಕಾಣದಂತೆ ತೂಗುಹಾಕಲಾಗಿತ್ತು.

ಮಂಜೂರಾದ ಹನ್ನೊಂದು ಹುದ್ದೆಗಳಲ್ಲಿ ಮೂವರು ಕೆಲಸದಲ್ಲಿದ್ದರು. ಉಪವಿಭಾಗಾಧಿಕಾರಿ ಮಹಾವೀರ ಉಪಾಧ್ಯೆ ಸಾಹೇಬರು, ಜವಾನ ಸಮಾಧಾನ ಕಾಂಬಳೆ, ಇವರಿಬ್ಬರ ನಡುವೆ ಗುಮಾಸ್ತ ಸುಹಾಸ ಮಗದುಮ್. ಸುಹಾಸ ಮೂವತ್ತೆಂಟು ವರ್ಷದ ಸಂಭಾವಿತ ಮನುಷ್ಯ. ಹೊತ್ತಿಗೆ ಸರಿಯಾಗಿ ಕಚೇರಿಗೆ ಬರುತ್ತಿದ್ದ, ಯಾರ ಕಡತವನ್ನೂ ಬೇಕೆಂತಲೇ ಕಳೆಯುತ್ತಿರಲಿಲ್ಲ. ಅವನಿಗಿದ್ದ ಚಟ ಒಂದೇ, ಪೋಕರ್. ಪ್ರತಿ ಭಾನುವಾರ ಮಧ್ಯಾಹ್ನ ಶಿರಗುಪ್ಪಿಯಲ್ಲಿ ಗೆಳೆಯ ಸುಜಯನ ಗೊಬ್ಬರದ ಅಂಗಡಿಯ ಕಟ್ಟೆಯ ಮೇಲೆ ನಾಲ್ವರು ಕೂಡಿ ಆಡುತ್ತಿದ್ದರು. ಹಣ ಕಟ್ಟಿ ಆಡುವುದು ಕಾನೂನಿಗೆ ವಿರುದ್ಧವಾದ್ದರಿಂದ ಹುರಿದ ಶೇಂಗಾ ಕಟ್ಟಿ ಆಡುತ್ತಿದ್ದರು.

ಪೋಕರ್ ಗೊತ್ತಿಲ್ಲದವರಿಗಾಗಿ ಇಷ್ಟು ಹೇಳುವುದು ಅಗತ್ಯ. ಪ್ರತಿಯೊಬ್ಬನ ಕೈಗೂ ಎರಡು ಇಸ್ಪೀಟು ಎಲೆ ಬರುತ್ತವೆ, ಅವನ್ನು ಅವನೊಬ್ಬನೇ ನೋಡಬೇಕು. ನಡುವೆ ಐದು ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಹಾಸುತ್ತಾರೆ. ತನ್ನ ಎಲೆ ಗಟ್ಟಿ ಎನ್ನುವವನು ಪಣ ಏರಿಸುತ್ತಾನೆ. ಅಂಜಿದವನು ಎಲೆ ಮಡಚಿ ಹಿಂದೆ ಸರಿಯುತ್ತಾನೆ. ಉಳಿದವರೆಲ್ಲ ಅಂಜಿ ಮಡಚಿದರೆ, ಕೈಯಲ್ಲಿ ಏನೂ ಇಲ್ಲದವನೂ ಗೆಲ್ಲುತ್ತಾನೆ. ಆಗ ಅವನ ಕೈಯಲ್ಲಿ ಏನಿತ್ತೆಂದು ಕೇಳುವ ಹಕ್ಕು ಯಾರಿಗೂ ಇಲ್ಲ.

ಸುಹಾಸ ಮೂರು ವರ್ಷದಿಂದ ಸೋಲುತ್ತಿದ್ದ. ಅವನ ಮುಖ ಹಾಗಿತ್ತು. ಎಕ್ಕ ಬಂದರೆ ಎರಡೂ ಕಿವಿ ಕೆಂಪಾಗುತ್ತಿದ್ದವು. ಕೆಟ್ಟ ಎಲೆ ಬಂದರೆ ಕೆಳತುಟಿ ತಾನಾಗಿಯೇ ಇಳಿಯುತ್ತಿತ್ತು. ಡಿಸೆಂಬರದ ಕೊನೆಯ ಭಾನುವಾರ ಅವನು ಖಾಲಿ ಡಬ್ಬಿ ಹಿಡಿದು ಮನೆಗೆ ಬಂದಾಗ ಹೆಂಡತಿ ಸ್ನೇಹಲ ಒಲೆಯ ಮುಂದಿನಿಂದಲೇ ಹೇಳಿದಳು:

"ಎರಡು ಕಿಲೋ ಶೇಂಗಾ ತಂದಿದ್ದೆ, ಚಟ್ನಿ ಮಾಡಾಕ. ಅವೂ ಹೋದವೇನ್ರಿ?"

"ಹೋದವು."

"ನಿಮ್ಮ ಮಾರಿ ನೋಡಿದ್ರ ನಮ್ಮ ಸಾಲಿಯ ಒಂದನೇತ್ತೆ ಹುಡುಗರೂ ಹೇಳ್ತಾವು, ಕೈಯಾಗ ಏನೈತಿ ಅಂತ. ಹೊಸಾ ವರ್ಷಕ್ಕ ಗುರಿ ಇಟ್ಕೊಳ್ರಿ. ಬರದು ಇಡ್ರಿ. ಬರದಿದ್ದು ಮನಸ್ಸಿನ್ಯಾಗ ನಿಲ್ಲತೈತಿ."

ಸ್ನೇಹಲ ಶಿಕ್ಷಕಿಯಾಗಿದ್ದರಿಂದ ಅವಳ ಮಾತಿನಲ್ಲಿ ಸುಹಾಸನಿಗೆ ನಂಬಿಕೆಯಿತ್ತು. ಡಿಸೆಂಬರ ಮೂವತ್ತೊಂದರಂದು, ಊಟದ ಬಿಡುವಿನಲ್ಲಿ, ಕಚೇರಿಯ ಬಿಳಿ ಹಾಳೆಯ ಮೇಲೆ ದುಂಡಗಿನ ಅಕ್ಷರದಲ್ಲಿ "ಹೊಸ ವರ್ಷದ ನನ್ನ ಗುರಿಗಳು" ಎಂದು ತಲೆಬರಹ ಕೊಟ್ಟು ಅವನು ಹೀಗೆ ಬರೆದ:

"ಒಂದು, ಕೈಯಲ್ಲಿ ಏನಿದೆ ಎಂಬುದನ್ನು ಮುಖದ ಮೇಲೆ ತೋರಿಸಬಾರದು. ಎರಡು, ಬಂದದ್ದನ್ನೆಲ್ಲ ಆಡಿಸಲು ಹೋಗಬಾರದು. ಹತ್ತರಲ್ಲಿ ಎಂಟನ್ನು ನೋಡಿದ ಕೂಡಲೇ ಮಡಚಬೇಕು. ಮೂರು, ಎದುರಿನವರು ಜೋರಾಗಿ ಏರಿಸಿದರೆ ಹಟ ಮಾಡದೆ ಬಿಟ್ಟುಕೊಡಬೇಕು. ನಾಲ್ಕು, ಕೊನೆಯವರೆಗೆ ಬಾರದವರಿಗೆ ಏನನ್ನೂ ಬಿಚ್ಚಿ ತೋರಿಸಬಾರದು. ಐದು, ಸಿಟ್ಟು ಬಂದಾಗ ಕೂಡಬಾರದು, ಎದ್ದು ಹೋಗಿ ಚಹಾ ಕುಡಿಯಬೇಕು. ಆರು, ತಿಂಗಳಿಗೆ ಒಮ್ಮೆಯಾದರೂ, ಕೈಯಲ್ಲಿ ಏನೂ ಇಲ್ಲದಿರುವಾಗ ಎಲ್ಲವೂ ಇದ್ದವರಂತೆ ಕೂಡಬೇಕು."

ಎಲೆ, ರಾಜಾ, ರಾಣಿ, ಇಸ್ಪೀಟು ಎಂಬ ಮಾತು ಎಲ್ಲಿಯೂ ಇರಲಿಲ್ಲ. ಆಡುವವನಿಗೆ ಅದನ್ನು ಬೇರೆ ಬರೆದುಕೊಳ್ಳುವ ಅಗತ್ಯವಿರುವುದಿಲ್ಲ.

ಅದೇ ಮಧ್ಯಾಹ್ನ ಚಿಕ್ಕೋಡಿಯ ವಿಭಾಗೀಯ ಕಚೇರಿಯಿಂದ ಜರೂರು ಸುತ್ತೋಲೆ ಬಂದಿತು. ಪ್ರತಿಯೊಂದು ಉಪವಿಭಾಗವೂ ಹೊಸ ವರ್ಷದ ಗುರಿಗಳನ್ನು ಸಂಜೆ ಐದರೊಳಗೆ ಕಳಿಸಬೇಕು, ತಪ್ಪಿದಲ್ಲಿ ಗುರಿ ಇಲ್ಲದಿರುವುದಕ್ಕೆ ಕಾರಣ ಕೇಳಿ ನೋಟೀಸು ನೀಡಲಾಗುವುದು. ಉಪಾಧ್ಯೆ ಸಾಹೇಬರು ತಮ್ಮ ಕೋಣೆಯಿಂದಲೇ ಕೂಗಿದರು:

"ಸುಹಾಸ, ಹೊಸಾ ವರ್ಷದ ಗುರಿ ಬರದೀಯೇನು?"

ಸುಹಾಸ ಆಗ ಕೈ ತೊಳೆಯುತ್ತಿದ್ದ. ಸುತ್ತೋಲೆ ಬಂದದ್ದು ಅವನಿಗೆ ಗೊತ್ತಿರಲಿಲ್ಲ. ಸಾಹೇಬರಿಗೆ ತನ್ನ ಮೇಲೆ ಇಷ್ಟು ಕಾಳಜಿ ಇದೆಯೆಂದು ಸಂತೋಷಪಟ್ಟು ಹೇಳಿದ, "ಬರದೇನ್ರಿ ಸಾಹೇಬ್ರ, ಟೇಬಲ್ ಮ್ಯಾಲ ಐತಿ."

ಸಮಾಧಾನ ಹಾಳೆಯನ್ನು ಒಳಗೆ ಒಯ್ದ. ಸಾಹೇಬರು "ನನ್ನ" ಎಂಬುದನ್ನು ಹೊಡೆದು "ನಮ್ಮ" ಎಂದು ತಿದ್ದಿ, ಸಹಿ ಮಾಡಿದರು. ಕಚೇರಿಯ ಮೊಹರಿನ ಶಿಕ್ಕಾ ಬಿದ್ದಿತು. ಐದಕ್ಕೆ ಹತ್ತು ನಿಮಿಷ ಇರುವಾಗ ಹಾಳೆ ಚಿಕ್ಕೋಡಿಗೆ ಮುಟ್ಟಿತು. ಸುಹಾಸ ತನ್ನ ಹಾಳೆಗಾಗಿ ಮೂರು ದಿನ ಹುಡುಕಿದ. ಮನೆಯಲ್ಲಿ "ಬರದೀರೇನು, ತೋರಸ್ರಿ" ಎಂದು ಸ್ನೇಹಲ ಕೇಳಿದಾಗ ಅವನು ಬರೆದದ್ದನ್ನು ಕಳೆದುಕೊಂಡೆ ಎಂದ. ಅವಳು ನಂಬಲಿಲ್ಲ.

ಜನವರಿ ಎಂಟರಂದು ವಿಭಾಗೀಯ ಕಚೇರಿಯ ಆದೇಶ ಬಂದಿತು. ಉಳಿದ ಎಲ್ಲ ಉಪವಿಭಾಗಗಳೂ ರೂಢಿಯಂತೆ "ಬಾಕಿ ಕಾಮಗಾರಿಗಳನ್ನು ಪೂರ್ಣಗೊಳಿಸುವುದು" ಎಂದು ಬರೆದಿದ್ದವು. ಅಂಥ ಗುರಿ ಈವರೆಗೆ ಎಲ್ಲಿಯೂ ಈಡೇರಿದ ಉದಾಹರಣೆ ಇಲ್ಲ. ಕಾಗವಾಡದ ಆರೂ ಗುರಿಗಳಾದರೋ ಯಾವ ಅನುದಾನವೂ ಇಲ್ಲದೆ, ಇರುವ ಸಿಬ್ಬಂದಿಯಿಂದಲೇ ಸಾಧಿಸಬಹುದಾದವು. ಆದ್ದರಿಂದ ಅವನ್ನು ಯಥಾವತ್ತಾಗಿ ಅಂಗೀಕರಿಸಿ ಕಾಗವಾಡವನ್ನು ಮಾದರಿ ಉಪವಿಭಾಗ ಎಂದು ಘೋಷಿಸಲಾಗಿತ್ತು. ಅನುಷ್ಠಾನದಲ್ಲಿ ಲೋಪವಾದರೆ ಶಿಸ್ತುಕ್ರಮ ಎಂಬ ಸಾಲೂ ಇತ್ತು.

ಆದೇಶವನ್ನು ಓದಿ ಸುಹಾಸನ ತುಟಿ ಇಳಿಯಿತು. ಅವನು ಸಾಹೇಬರ ಮುಂದೆ ನಿಂತ.

"ಸಾಹೇಬ್ರ, ಒಂದು ತಪ್ಪಾಗೇತಿ. ಅವು ಕಚೇರಿ ಗುರಿ ಅಲ್ರಿ. ನಾ ಭಾನುವಾರ ಇಸ್ಪೀಟ ಆಡ್ತೇನಲ್ಲ, ಅದರವು."

ಸಾಹೇಬರು ಆದೇಶದ ಸಾಲುಗಳ ಮೇಲೆ ಬೆರಳಾಡಿಸಿದರು.

"ಇದರಾಗ ಇಸ್ಪೀಟ ಅಂತ ಎಲ್ಲೆ ಐತಿ?"

"ಬರದಿಲ್ರಿ. ಖರೇ ಅದು ಇಸ್ಪೀಟಿಂದ."

"ನೋಡು ಸುಹಾಸ. ಅರ್ಜಿ ಮಂಜೂರಾಗದಿದ್ರ ಅದು ಅರ್ಜಿ. ಮಂಜೂರಾದ ಮ್ಯಾಲ ಅದು ನಿಯಮ. ಈಗ ಇದು ಇಸ್ಪೀಟಿಂದು ಅಂತ ನಾ ಬರದು ಕಳಿಸಿದ್ರ, ಚಿಕ್ಕೋಡಿಯವರು ಓದದ ಮಂಜೂರ ಮಾಡ್ಯಾರ ಅಂತ ಆಗತೈತಿ. ನಾನೂ ಓದದ ಸಹಿ ಮಾಡೇನಿ ಅಂತ ಆಗತೈತಿ. ಇಷ್ಟ ಮಂದಿ ಮಾನಾ ಕಳಿಯಾಕ ನಿನಗ ಅಧಿಕಾರ ಯಾರು ಕೊಟ್ರು?"

ಸುಹಾಸನಿಗೆ ಅಂಥ ಅಧಿಕಾರವನ್ನು ಯಾರೂ ಕೊಟ್ಟಿರಲಿಲ್ಲ. ಅನುಷ್ಠಾನ ಮರುದಿನ ಬೆಳಗ್ಗೆಯೇ ಆರಂಭವಾಯಿತು.

ಮೊದಲನೆಯ ಗುರಿಗಾಗಿ "ಮುಖಭಾವ ವಹಿ" ತೆರೆಯಲಾಯಿತು. ಬೆಳಗ್ಗೆ ಹತ್ತೂವರೆಗೆ ಸಮಾಧಾನ ಒಬ್ಬೊಬ್ಬರ ಮುಂದೆ ನಿಂತು "ನಿಮಗ ಬಡ್ತಿ ಬಂದೈತಿ" ಎಂದೂ, ಒಂದು ನಿಮಿಷ ಬಿಟ್ಟು "ನಿಮ್ಮನ್ನ ಬೀದರಕ್ಕ ಹಾಕ್ಯಾರ" ಎಂದೂ ಹೇಳಿ, ಮುಖದಲ್ಲಾದ ಬದಲಾವಣೆಯನ್ನು ದಾಖಲಿಸಬೇಕಾಗಿತ್ತು. ಸಾಹೇಬರ ಮುಖ ಬದಲಾಗುತ್ತಲೇ ಇರಲಿಲ್ಲ. ಅವರು ಸಮಾಧಾನ ಹೇಳುವುದನ್ನು ಹನ್ನೆರಡು ವರ್ಷಗಳಿಂದ ಕೇಳಿಸಿಕೊಂಡಿರಲಿಲ್ಲ. ಸುಹಾಸ ಮಾತ್ರ ದಿನವೂ ಅನುತ್ತೀರ್ಣನಾಗುತ್ತಿದ್ದ. ಅವನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ "ಕಿವಿ" ಎಂದು ಬರೆಯಲಾಗುತ್ತಿತ್ತು.

ಎರಡನೆಯ ಗುರಿಯಂತೆ ಹತ್ತು ಅರ್ಜಿ ಬಂದರೆ ಎಂಟನ್ನು ನೋಡಿದ ಕೂಡಲೇ ನಾಲ್ಕು ಮಡಿಕೆ ಮಾಡಿ ಗೋಣಿಚೀಲದಲ್ಲಿ ಇಡಲಾಯಿತು. ಒಂಬತ್ತನೆಯದನ್ನೂ ಹತ್ತನೆಯದನ್ನೂ ಏನು ಮಾಡಬೇಕೆಂದು ಗುರಿಯಲ್ಲಿ ಹೇಳಿರಲಿಲ್ಲವಾದ್ದರಿಂದ ಅವನ್ನು ನೋಡದೆ ಇಡಲಾಯಿತು.

ಉಗಾರ ಬುದ್ರುಕದ ಕಾಶಿಬಾಯಿ ಚೌಗುಲೆಯವರ ಅರ್ಜಿ ಆ ಸೋಮವಾರ ಬಂದ ಏಳನೆಯದು.

ಕಾಶಿಬಾಯಿಗೆ ಅರವತ್ತೆರಡು ವರ್ಷ. ಹಳ್ಳದ ಆಚೆ ನಾಲ್ಕು ಎಕರೆ ಕಬ್ಬು. ಗಾಡಿ ದಾಟಲು ಹಳ್ಳದ ಮೇಲೆ ಹಾಸಿದ್ದ ಕೊಳವೆಯ ಮೋರಿ ಆಗಸ್ಟಿನಲ್ಲಿ ಕೃಷ್ಣೆ ಏರಿದಾಗ ಕಿತ್ತುಹೋಗಿತ್ತು. ಈಗ ಕಬ್ಬು ಕಡಿಯುವ ಪಾಳಿ ಬಂದಿತ್ತು. ಬೀಡ ಜಿಲ್ಲೆಯ ಕಡೆಯಿಂದ ಬಂದ ಕಡಿಯುವವರ ಟೋಳಿ ಹೊಲದ ಅಂಚಿಗೆ ಗುಡಿಸಲು ಹಾಕಿ ಕೂತಿತ್ತು. ಟ್ರ್ಯಾಕ್ಟರ್‌ನವನು ಹಳ್ಳದ ದಂಡೆಗೆ ಬಂದು, ಇಳಿದು ನೋಡಿ, ತಿರುಗಿಸಿಕೊಂಡು ಹೋಗಿದ್ದ. ಕಾರ್ಖಾನೆಯ ಹಂಗಾಮು ಮಾರ್ಚಿ ಮೊದಲ ವಾರ ಮುಗಿಯುತ್ತಿತ್ತು. ಅಷ್ಟರೊಳಗೆ ಕಬ್ಬು ಹೊರಗೆ ಬಾರದಿದ್ದರೆ ನಿಂತಲ್ಲೇ ಒಣಗಿ ಬೆಂಡಾಗುತ್ತಿತ್ತು.

"ಸಾಹೇಬ್ರ, ನನ್ನ ಅರ್ಜಿ ಏನಾತ್ರಿ?"

"ಮಡಚೇವಿ," ಎಂದರು ಸಾಹೇಬರು.

"ಮಡಚಿ?"

"ಮಡಚಿ ಇಟ್ಟೇವಿ."

"ಅಲ್ರೀ, ಬಿಚ್ಚೂದು ಯಾವಾಗ?"

"ಮಡಚಿದ್ದು ಬಿಚ್ಚೂದು ನಮ್ಮ ನಿಯಮದಾಗ ಇಲ್ಲವ್ವಾ."

ಕಾಶಿಬಾಯಿ ಕಚೇರಿಯ ನಡುವೆ ನಿಂತು, ಸಾಹೇಬರ ಮನೆತನವನ್ನು ಅವರ ಅಜ್ಜನಿಂದ ಆರಂಭಿಸಿ ಇಪ್ಪತ್ತು ನಿಮಿಷ ವರ್ಣಿಸಿದರು. ಸಾಹೇಬರ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಸಮಾಧಾನ ವಹಿಯಲ್ಲಿ "ಉತ್ತಮ" ಎಂದು ಬರೆದುಕೊಂಡ. ಸುಹಾಸನಿಗೆ ಮಾತ್ರ ಕೂಡಲಾಗಲಿಲ್ಲ. ಅವನು ಐದನೆಯ ಗುರಿಯ ಮೇರೆಗೆ ಎದ್ದು ಚಹಾ ಕುಡಿಯಲು ಹೋದ. ಸ್ವಲ್ಪ ಹೊತ್ತಿಗೆ ಕಾಶಿಬಾಯಿಯೂ ಅದೇ ಅಂಗಡಿಗೆ ಬಂದು ಅವನ ಎದುರಿನ ಬೆಂಚಿನ ಮೇಲೆ ಕೂತರು.

"ತಮ್ಮಾ, ನಿನ್ನ ಮಾರಿ ಮ್ಯಾಲ ಏನೋ ಐತಿ. ಹೇಳು."

ಸುಹಾಸ ಎಲ್ಲವನ್ನೂ ಹೇಳಿದ. ಶೇಂಗಾ, ಹಾಳೆ, ಸುತ್ತೋಲೆ, ಆದೇಶ. ಹೇಳುತ್ತ ಹೋದಂತೆ ಅವನ ಕಣ್ಣಲ್ಲಿ ನೀರು ಬಂದಿತು. "ನನ್ನಿಂದ ನಿಮ್ಮ ಕಬ್ಬು ಹೊಲದಾಗ ಉಳೀತು ಕಾಕು."

ಕಾಶಿಬಾಯಿ ನಗಲಿಲ್ಲ, ಬೈಯಲಿಲ್ಲ. ಕಪ್ಪಿನಿಂದ ಬಸಿಗೆ ಚಹಾ ಸುರುವಿಕೊಂಡು ನಿಧಾನ ಕುಡಿದರು. ಆಮೇಲೆ ಕೇಳಿದರು:

"ಆ ಆಟದಾಗ ಕೈಯಾಗ ಏನೂ ಇರದಿದ್ರೂ ಗೆಲ್ಲಬಹುದೇನು?"

"ಗೆಲ್ಲಬಹುದು. ಎದುರಿನಾವ ಅಂಜಬೇಕಷ್ಟ."

"ಎದುರಿನಾವ ತೋರಸು ಅಂದ್ರ?"

"ಅವನೂ ತನ್ನದು ತೋರಸಬೇಕಾಗತೈತಿ."

"ನಿಮ್ಮ ಸಾಹೇಬನ ಕೈಯಾಗ ಏನೈತಿ?"

ಸುಹಾಸನ ಕೆಳತುಟಿ ತಾನಾಗಿಯೇ ಇಳಿಯಿತು. ಕಾಶಿಬಾಯಿ ಅವನ ಮುಖ ನೋಡಿ ತಲೆಯಾಡಿಸಿ ಎದ್ದರು.

ಗುರುವಾರ ಅವರು ಮತ್ತೆ ಬಂದರು. ಕೈಯಲ್ಲಿ ಉದ್ದನೆಯ ಕಂದು ಲಕೋಟೆ. ಅದರ ಮೇಲೆ ಐದು ಕಡೆ ಅರಗಿನ ಮುದ್ರೆ. ಮುದ್ರೆಯನ್ನು ಅರಿಷಿಣದ ಡಬ್ಬಿಯ ಮುಚ್ಚಳದಿಂದ ಒತ್ತಿದ್ದರಿಂದ ಅದರಲ್ಲೊಂದು ನವಿಲು ಮೂಡಿತ್ತು. ಒಳಗೆ ಅವರು ಮಡಚಿಹೋದ ಅರ್ಜಿಯ ಝೆರಾಕ್ಸ್ ಪ್ರತಿಯನ್ನೇ ಇಟ್ಟಿದ್ದರು, ಬರೀ ಲಕೋಟೆ ಹಗುರಾಗುತ್ತದೆ ಎಂದು. ಇದು ಅವರೊಬ್ಬರಿಗೇ ಗೊತ್ತಿತ್ತು.

ಲಕೋಟೆಯನ್ನು ಸಾಹೇಬರ ಮೇಜಿನ ಮೇಲಿಟ್ಟು ಕುರ್ಚಿ ಎಳೆದುಕೊಂಡು ಕೂತರು.

"ಸಾಹೇಬ್ರ, ಮೋರಿ ಬ್ಯಾಡ ನನಗ. ಈಗ ಸೇತುವಿ ಬೇಕು."

ಸಾಹೇಬರು ಲಕೋಟೆ ನೋಡಿದರು. "ಇದು ಯಾರ ಪತ್ರ? ಬೆಳಗಾವಿದೋ, ಬೆಂಗಳೂರಿಂದೋ?"

"ಒಡದು ನೋಡ್ರಿ."

"ಹೇಳಾಕೇನು?"

"ನಾ ಯಾಕ ಹೇಳ್ಲಿ? ಒಡೀರಿ. ನೀವು ಒಡದ್ರ, ನಿಮ್ಮ ಕಪಾಟನೂ ತೆಗೀಬೇಕಾಗತೈತಿ, ಅಷ್ಟ."

ಕಪಾಟಿನಲ್ಲಿ ನಾಲ್ಕು ವರ್ಷದ ಕಡತಗಳಿದ್ದವು. ಸಾಹೇಬರು ಲಕೋಟೆಯನ್ನು ಎತ್ತಿ ತೂಕ ನೋಡಿ, ಕೆಳಗಿಟ್ಟರು. ನವಿಲಿನ ಮುದ್ರೆಯುಳ್ಳ ಇಲಾಖೆ ಯಾವುದೆಂದು ಅವರಿಗೆ ನೆನಪಾಗಲಿಲ್ಲ. ನೆನಪಾಗದಷ್ಟು ದೊಡ್ಡ ಇಲಾಖೆ ಇರಬೇಕು. ಅವರು ಓರೆಗಣ್ಣಿನಿಂದ ಸುಹಾಸನನ್ನು ನೋಡಿದರು. ಮುಂದೇನಾಗುವುದೋ ಎಂಬ ಭಯದಿಂದ ಸುಹಾಸನ ಎರಡೂ ಕಿವಿ ಹಣ್ಣು ಮೆಣಸಿನಕಾಯಿಯ ಹಾಗೆ ಆಗಿದ್ದವು.

"ಕಿವಿ," ಎಂದು ಸಾಹೇಬರು ತಮ್ಮಷ್ಟಕ್ಕೆ ಅಂದರು. "ದೊಡ್ಡದ ಇರಬೇಕು."

ಮೂರನೆಯ ಗುರಿಯಂತೆ ಅವರು ಹಟ ಮಾಡದೆ ಬಿಟ್ಟುಕೊಟ್ಟರು. ಸೇತುವೆ ಮಂಜೂರು ಮಾಡಲಾಗಿದೆ ಎಂದು ಬಾಯಿಮಾತಿನಲ್ಲಿ ತಿಳಿಸಿ, ಲಕೋಟೆಯನ್ನು ಒಡೆಯದೆ ಎರಡೂ ಕೈಯಿಂದ ಹಿಂದಿರುಗಿಸಿದರು. ಆದೇಶ ಕೊಡುವ ಪ್ರಶ್ನೆ ಬಂದಾಗ ಸುಹಾಸ ಪೆನ್ನು ತೆಗೆದ.

"ಏನಂತ ಬರೀಲ್ರಿ?"

"ಏನೂ ಬರೀಬ್ಯಾಡ. ನಾಲ್ಕನೇ ಗುರಿ ಏನ ಹೇಳತೈತಿ? ಬಿಚ್ಚಿ ತೋರಸಬಾರದು. ಲಕೋಟಿ ಅಂಟಿಸಿ ಶಿಕ್ಕಾ ಹಾಕು."

"ಒಳಗ ಏನ ಇಡಲ್ರಿ?"

"ಜನವರಿದು ಆರನೇ ಗುರಿ ಇನ್ನೂ ಬಾಕಿ ಐತಲ್ಲ. ಅದೂ ಆಗಿಬಿಡ್ಲಿ."

ಹೀಗೆ ಕಾಶಿಬಾಯಿಯವರಿಗೆ ಕಚೇರಿಯ ಶಿಕ್ಕಾ ಇರುವ, ಭದ್ರವಾಗಿ ಅಂಟಿಸಿದ, ಏನೂ ಇಲ್ಲದ ಲಕೋಟೆ ದೊರೆಯಿತು. ಒಂದೇ ಏಟಿಗೆ ಎರಡು ಗುರಿ ಸಾಧಿಸಿದ ಬಗ್ಗೆ ಚಿಕ್ಕೋಡಿಗೆ ವರದಿ ಹೋಯಿತು.

ಕಾಶಿಬಾಯಿ ಅದೇ ಸಂಜೆ ಗುತ್ತಿಗೆದಾರ ವೃಷಭನ ಮನೆಗೆ ಹೋದರು. ವೃಷಭನ ಅಂಗಳದಲ್ಲಿ ಬೇರೆ ಊರಿನ ಮೋರಿಗೆಂದು ತಂದ ಆರು ಸಿಮೆಂಟ್ ಕೊಳವೆಗಳಿದ್ದವು. ಆ ಊರಿನ ಬಿಲ್ಲು ಪಾಸಾಗಿದ್ದರಿಂದ ಅಲ್ಲಿ ಮೋರಿ ಕಟ್ಟುವ ಅಗತ್ಯ ಬಿದ್ದಿರಲಿಲ್ಲ. ಅವನು ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಎಷ್ಟಕ್ಕ ಮಂಜೂರ ಆಗೇತಿ ಕಾಕು?"

"ಒಡದು ನೋಡು. ನೋಡಿದ ಮ್ಯಾಲ ಅದರಾಗ ಎಷ್ಟೈತೋ ಅಷ್ಟ. ಒಡೀದಿದ್ರ ನಿನಗ ತಿಳದಷ್ಟು."

ವೃಷಭ ವಿಚಾರ ಮಾಡಿದ. ಅವನ ಇಪ್ಪತ್ತು ವರ್ಷದ ಅನುಭವದಲ್ಲಿ ಯಾವ ಆದೇಶವೂ ಒಡೆದು ನೋಡಿದ ಮೇಲೆ ದೊಡ್ಡದಾಗಿರಲಿಲ್ಲ.

"ಅಥಣಿ ಕಡೆ ಗುತ್ತಿಗೆದಾರ ಒಬ್ಬಾವ ಕೇಳಾಕತ್ತಿದ್ದ," ಎಂದರು ಕಾಶಿಬಾಯಿ, ಸೆರಗು ಸರಿಮಾಡಿಕೊಳ್ಳುತ್ತ. ಅಂಥವನು ಯಾರೂ ಇರಲಿಲ್ಲ.

ಹನ್ನೊಂದು ದಿನದಲ್ಲಿ ಮೋರಿ ಎದ್ದಿತು. ಕೊಳವೆಗಳು ಆರೇ ಇದ್ದುದರಿಂದ ಸೇತುವೆಯಾಗಲಿಲ್ಲ, ಆದರೆ ಗಟ್ಟಿ ಮೋರಿ. ಎರಡೂ ಬದಿಗೆ ಮೊಣಕಾಲೆತ್ತರದ ಕಟ್ಟೆ. ವೃಷಭ ತನ್ನ ಬಿಲ್ಲನ್ನು ಲಕೋಟೆಯಲ್ಲಿಟ್ಟು ಅಂಟಿಸಿ ಕಚೇರಿಗೆ ಕೊಟ್ಟ, ಕಚೇರಿಯಿಂದ ಅವನಿಗೂ ಒಂದು ಅಂಟಿಸಿದ ಲಕೋಟೆ ಬಂದಿತು. ಅದನ್ನು ಅವನು ದೇವರ ಮನೆಯಲ್ಲಿಟ್ಟ. ಒಡೆಯಲು ಧೈರ್ಯವಾಗಲಿಲ್ಲ.

ಟ್ರ್ಯಾಕ್ಟರ್ ಬಂದಿತು. ಟೋಳಿಯವರು ಕುಡುಗೋಲು ಮಸೆದರು. ಮೊದಲ ಟ್ರೇಲರ್ ಮೋರಿ ದಾಟಿದಾಗ ಕಾಶಿಬಾಯಿ ಎಲ್ಲರಿಗೂ ಕಡಲೆಹಿಟ್ಟಿನ ಜುಣಕದ ವಡಿ ಹಂಚಿದರು. ಸುಹಾಸನೂ ಮೋಟರ್ ಸೈಕಲ್ ಮೇಲೆ ಬಂದು ದಂಡೆಯಲ್ಲಿ ನಿಂತಿದ್ದ. ತಾನು ಕೆಲಸಕ್ಕೆ ಸೇರಿದ ಮೇಲೆ ಕಣ್ಣಾರೆ ಕಂಡ ಮೊದಲ ಕಾಮಗಾರಿ ಅದು. ಅವನು ಕೊಳವೆಯನ್ನು ಕೈಯಿಂದ ಮುಟ್ಟಿ ನೋಡಿದ.

ತೊಂದರೆ ಬಂದದ್ದು ಇಲ್ಲಿಂದ. ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ಕಾಗವಾಡ ಉಪವಿಭಾಗದಲ್ಲಿ ಕಾಮಗಾರಿಯೊಂದು ಪೂರ್ಣಗೊಂಡಿದೆ ಎಂಬ ಸುದ್ದಿ ಚಿಕ್ಕೋಡಿಗೆ ಮುಟ್ಟಿ, ಅಲ್ಲಿ ಆತಂಕ ಉಂಟಾಯಿತು. ಪರಿವೀಕ್ಷಣಾಧಿಕಾರಿ ರಾಜೇಶ್ವರಿ ಮೇಡಂ ಕಡತ ತರಿಸಿ ನೋಡಿದರು. ಕಡತದಲ್ಲಿ ಆದೇಶವಿಲ್ಲ, ಅಂದಾಜುಪಟ್ಟಿ ಇಲ್ಲ, ಅರ್ಜಿ ಗೋಣಿಚೀಲದಲ್ಲಿದೆ. ದಾಖಲೆ ಇಲ್ಲದ ಯಾವುದೇ ಕಟ್ಟಡವನ್ನು ಸ್ಥಳ ಪಂಚನಾಮೆಯಾದ ಏಳು ದಿನಗಳೊಳಗೆ ಕೆಡವಬೇಕು, ಸಂಬಂಧಪಟ್ಟ ನೌಕರರನ್ನು ಅಮಾನತಿನಲ್ಲಿಡಬೇಕು ಎಂಬುದು ನಿಯಮ. ಪಂಚನಾಮೆಗೆ ಫೆಬ್ರುವರಿ ಇಪ್ಪತ್ತಮೂರು ಗೊತ್ತಾಯಿತು.

ಅಂದು ಎರಡು ಎಕರೆ ಕಬ್ಬು ಇನ್ನೂ ಹೊಲದಲ್ಲಿಯೇ ಇತ್ತು. ಹಿಂದಿನ ದಿನ ಸಂಜೆ ಸಾಹೇಬರು ಸಿಬ್ಬಂದಿಯ ಸಭೆ ಕರೆದರು. ಸಭೆಯ ನಿರ್ಣಯ ಹೀಗಿತ್ತು: ಮೋರಿ ಇದೆ ಎಂದಾದರೆ ಕೆಡವಬೇಕಾಗುತ್ತದೆ, ಇಲ್ಲ ಎಂದಾದರೆ ಕೆಡವುವ ಪ್ರಶ್ನೆಯೇ ಬರುವುದಿಲ್ಲ. ಆದ್ದರಿಂದ ರೈತರ ಹಿತದೃಷ್ಟಿಯಿಂದ ಮೋರಿ ಇಲ್ಲ.

ಮನೆಯಲ್ಲಿ ಸುಹಾಸ ಊಟ ಮಾಡಲಿಲ್ಲ.

"ನಾಳೆ ಸುಳ್ಳು ಹೇಳಬೇಕಾಗೇತಿ ಸ್ನೇಹಲ."

"ನಿಮಗ ಬರೂದಿಲ್ಲ," ಎಂದಳು ಅವಳು, ಬಡಿಸುತ್ತ. "ಬರದಿದ್ದನ್ನ ಮಾಡಾಕ ಹೋಗಬ್ಯಾಡ್ರಿ."

ಮರುದಿನ ಹನ್ನೊಂದು ಗಂಟೆಗೆ ಎಲ್ಲರೂ ಹಳ್ಳದ ಮೇಲೆ ನಿಂತರು. ಹಳ್ಳದ ಮೇಲೆ ನಿಲ್ಲಲು ಮೋರಿಯ ಹೊರತು ಬೇರೆ ಜಾಗವಿರಲಿಲ್ಲ. ರಾಜೇಶ್ವರಿ ಮೇಡಂ ಪ್ಯಾಡಿಗೆ ಕಾಗದ ಸಿಕ್ಕಿಸಿಕೊಂಡು ಮೊದಲು ಸಾಹೇಬರನ್ನು ಕೇಳಿದರು.

"ಉಪಾಧ್ಯೆಯವರೇ, ಈ ಸ್ಥಳದಲ್ಲಿ ಮೋರಿ ಇದೆಯೇ?"

"ಇಲ್ರಿ ಮೇಡಂ."

ಅವರ ಮುಖ ಗೋಡೆಯಂತಿತ್ತು. ಮೇಡಂ ಬರೆದುಕೊಂಡರು.

"ಸಮಾಧಾನ ಕಾಂಬಳೆ?"

"ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ರಿ."

ಅಷ್ಟರಲ್ಲಿ ಹಾರನ್ ಕೇಳಿಸಿತು. ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಟ್ರ್ಯಾಕ್ಟರ್ ಬಂದಿತು. ಎಲ್ಲರೂ ಕಟ್ಟೆಗೆ ಅಂಟಿಕೊಂಡು ದಾರಿ ಬಿಟ್ಟರು. ಕಬ್ಬಿನ ಗರಿ ಮೇಡಂ ಅವರ ಪ್ಯಾಡನ್ನು ಸವರಿಕೊಂಡು ಹೋಯಿತು. ಧೂಳು ಅಡಗಿದ ಮೇಲೆ ಅವರು ಮುಂದುವರಿದರು.

"ಸುಹಾಸ ಮಗದುಮ್. ನೀವು ಹೇಳಿ. ಮೋರಿ ಇದೆಯೇ?"

ಸುಹಾಸ ಹಳ್ಳ ನೋಡಿದ. ಆಚೆ ನಿಂತಿದ್ದ ಕಬ್ಬು ನೋಡಿದ. ಕಾಶಿಬಾಯಿಯತ್ತ ನೋಡಲು ಅವನಿಗೆ ಧೈರ್ಯವಾಗಲಿಲ್ಲ. ಇಲ್ಲ ಎನ್ನಬೇಕೆಂದೇ ಬಾಯಿ ತೆಗೆದ.

"ಐತ್ರಿ ಮೇಡಂ," ಎಂದ. "ಇದರ ಮ್ಯಾಲ ನಿಂತೇವ್ರಿ."

ರಾಜೇಶ್ವರಿ ಮೇಡಂ ಅವನ ಮುಖವನ್ನು ಬಹಳ ಹೊತ್ತು ಪರಿಶೀಲಿಸಿದರು. ಕಿವಿ ಕೆಂಪು, ತುಟಿ ಕೆಳಗೆ, ಕಣ್ಣಲ್ಲಿ ನೀರು. ಮೋರಿ ಇದೆ ಎಂಬುದು ಮುಖದ ತುಂಬ ಬರೆದಂತಿತ್ತು. ಅವರು ಚೀಲದಿಂದ ವಿಭಾಗೀಯ ಕಚೇರಿ ಅಂಗೀಕರಿಸಿದ ಆರು ಗುರಿಗಳ ಪ್ರತಿಯನ್ನು ತೆಗೆದು, ಮೊದಲನೆಯದರ ಮೇಲೆ ಬೆರಳಿಟ್ಟು ಓದಿದರು. ಆಮೇಲೆ ಗಟ್ಟಿಯಾಗಿ ಹೇಳುತ್ತ ಬರೆದರು:

"ಕೈಯಲ್ಲಿ ಇರುವುದನ್ನು ಮುಖದ ಮೇಲೆ ತೋರಿಸಬಾರದೆಂಬುದು ಸದರಿ ಉಪವಿಭಾಗದ ಮಂಜೂರಾದ ಗುರಿ. ಸದರಿ ನೌಕರನ ಮುಖದ ಮೇಲೆ ಮೋರಿ ಸ್ಪಷ್ಟವಾಗಿ ಕಾಣುತ್ತಿದೆ. ಆದಕಾರಣ ಸ್ಥಳದಲ್ಲಿ ಮೋರಿ ಇಲ್ಲವೆಂಬುದು ಖಚಿತಪಟ್ಟಿದೆ."

"ಮೇಡಂ, ಖರೇನ ಐತ್ರಿ!" ಎಂದ ಸುಹಾಸ.

"ಎಷ್ಟು ಚೆನ್ನಾಗಿ ಮಾಡುತ್ತಾರೆ," ಎಂದು ಮೇಡಂ ಸಾಹೇಬರಿಗೆ ಹೇಳಿದರು. "ಇವರಿಗೆ ತರಬೇತಿ ಯಾರು ಕೊಟ್ಟರು?"

"ಸ್ವಂತ ಪ್ರಯತ್ನರಿ," ಎಂದರು ಸಾಹೇಬರು.

ಸಾಕ್ಷಿಯಾಗಿ ಸ್ಥಳೀಯರೊಬ್ಬರ ಸಹಿ ಬೇಕಾಗಿತ್ತು. ಕಾಶಿಬಾಯಿ ಮುಂದೆ ಬಂದರು. ಕಾಗದವನ್ನು ಮೋರಿಯ ಕಟ್ಟೆಯ ಮೇಲೆ ಹರವಿ, ಗಾಳಿಗೆ ಹಾರದಂತೆ ಒಂದು ಕಲ್ಲಿಟ್ಟು, ಇಲ್ಲಿ ಮೋರಿ ಇರುವುದಿಲ್ಲ ಎಂಬುದರ ಕೆಳಗೆ ಪೂರ್ತಿ ಹೆಸರು ಬರೆದರು. ಆಮೇಲೆ ಸುಹಾಸನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಅಂದರು:

"ಅಳಬ್ಯಾಡೋ ತಮ್ಮಾ. ನೀ ಖರೇ ಹೇಳಿದ್ದಕ್ಕ ಉಳೀತು."

ಸುಹಾಸನಿಗೆ ಹಗುರವೂ ಆಯಿತು, ನಾಚಿಕೆಯೂ ಆಯಿತು. ಯಾವುದು ಯಾವುದಕ್ಕೆ ಎಂಬುದು ಅವನಿಗೆ ತಿಳಿಯಲಿಲ್ಲ. ಮುಂದಿನ ಭಾನುವಾರ ಶಿರಗುಪ್ಪಿಯ ಕಟ್ಟೆಯ ಮೇಲೆ ಅವನಿಗೆ ಎರಡು ಎಕ್ಕ ಬಂದವು, ಕಿವಿ ಕೆಂಪಾದವು. ಪಂಚನಾಮೆಯ ಸುದ್ದಿ ಕೇಳಿದ್ದ ಸುಜಯ "ಇವನ ಮಾರಿ ಈಗ ಉಲ್ಟಾ ಓದಬೇಕು" ಎಂದು ಪಣ ಏರಿಸಿಯೇ ಏರಿಸಿದ. ಸುಹಾಸ ಡಬ್ಬಿ ತುಂಬ ಶೇಂಗಾ ಗೆದ್ದು ತಂದ. ಸ್ನೇಹಲ ಚಟ್ನಿ ಕುಟ್ಟಿದಳು.

ಮಾರ್ಚಿ ಮೂರರಂದು ಕಾಶಿಬಾಯಿಯವರ ಕೊನೆಯ ಟ್ರೇಲರ್ ಕಾರ್ಖಾನೆಗೆ ಹೋಯಿತು. ಈಗ ಅಥಣಿ, ರಾಯಬಾಗ ಕಡೆಯ ರೈತರೂ ಅಂಟಿಸಿದ ಲಕೋಟೆ ಹಿಡಿದುಕೊಂಡೇ ಕಾಗವಾಡಕ್ಕೆ ಬರುತ್ತಾರೆ. ಅವರಿಗೆ ತೊಂದರೆಯಾಗದಿರಲೆಂದು ಕಚೇರಿಯಲ್ಲಿ ಒಂದು ಡಬ್ಬಿ ಅರಗು, ಮೇಣಬತ್ತಿ ಇಡಲಾಗಿದೆ. ಕೆಲವರಿಗೆ ದಾರಿ ಸಿಕ್ಕ ಉದಾಹರಣೆಗಳೂ ಇವೆ.

ಉಗಾರ ಬುದ್ರುಕದ ಹಳ್ಳದ ಮೇಲೆ ದಿನಕ್ಕೆ ನೂರೈವತ್ತು ಗಾಡಿ ಓಡಾಡತೊಡಗಿದ್ದರಿಂದ ಒಂದೆರಡು ಸಣ್ಣ ಅಪಘಾತಗಳಾದವು. ಸಾರ್ವಜನಿಕ ಸುರಕ್ಷತೆಯ ಕುರಿತು ವಿಭಾಗೀಯ ಕಚೇರಿ ಕಟ್ಟುನಿಟ್ಟಿನ ಸೂಚನೆ ನೀಡಿತು. ಅದರಂತೆ ಕಳೆದ ವಾರ ಉಪವಿಭಾಗದ ವತಿಯಿಂದ ಅಲ್ಲಿ ಹಳದಿ ಫಲಕವೊಂದನ್ನು ನಿಲ್ಲಿಸಲಾಯಿತು. ಅದರ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ದಪ್ಪಕ್ಷರದಲ್ಲಿ ಹೀಗೆ ಬರೆಸಲಾಗಿದೆ: "ಮುಂದೆ ಮೋರಿ ಇಲ್ಲ. ನಿಧಾನವಾಗಿ ದಾಟಿರಿ."

ಎಲ್ಲರೂ ನಿಧಾನವಾಗಿಯೇ ದಾಟುತ್ತಾರೆ.